ಎರಡನೇ ಭಾಗದ ಹೊರೆ: ‘ಐರನ್ ಫ್ಲೇಮ್’ ಮತ್ತು ‘ಎ ಕೋರ್ಟ್ ಆಫ್ ಮಿಸ್ಟ್ ಆಂಡ್ ಫ್ಯೂರಿ’

ಪ್ರೇಮಕಥೆಯ ಮೊದಲ ಭಾಗಕ್ಕಿಂತ ಎರಡನೇ ಭಾಗ ಬರೆಯುವುದು ಕಷ್ಟ. ಇಬ್ಬರು ಒಬ್ಬರಿಗೊಬ್ಬರು ದಕ್ಕುತ್ತಾರೋ ಇಲ್ಲವೋ ಎಂಬ ಕುತೂಹಲವೊಂದೇ ಮೊದಲ ಭಾಗವನ್ನು ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ. ಅವರು ದಕ್ಕಿದ ಮೇಲೆ ಆ ಕುತೂಹಲ ತೀರಿಹೋಗಿ, ಓದುಗರನ್ನು ಇನ್ನೂ ಆರುನೂರು ಪುಟ ಕೂರಿಸಲು ಲೇಖಕಿ ಬೇರೆ ಕಾರಣ ಹುಡುಕಬೇಕಾಗುತ್ತದೆ. ರೊಮ್ಯಾಂಟಿಕ್ ಫ್ಯಾಂಟಸಿಯಲ್ಲಂತೂ ಪ್ರೇಮದ ಜೊತೆಗೆ ಒಂದು ರಾಜ್ಯ, ಒಂದು ಯುದ್ಧ, ತನ್ನದೇ ನಿಯಮಗಳಿರುವ ಒಂದು ಮಾಯಾಶಕ್ತಿ, ಇವೆಲ್ಲವೂ ಬೆಳೆಯಬೇಕು. ಈ ಹೊರೆಯನ್ನು ಎರಡು ಜನಪ್ರಿಯ ಸರಣಿಗಳು ಹೇಗೆ ಹೊತ್ತಿವೆ ಎಂಬುದನ್ನು ತಿಳಿಯುವ ಆಸೆಯಿಂದ ಅವುಗಳ ಎರಡನೇ ಭಾಗಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಿದೆ. ಒಂದು ರೆಬೆಕಾ ಯಾರೋಸ್ ಅವರ ‘ಐರನ್ ಫ್ಲೇಮ್’ (2023), ಇನ್ನೊಂದು ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಮಿಸ್ಟ್ ಆಂಡ್ ಫ್ಯೂರಿ’ (2016). ಎರಡರ ಗುಟ್ಟುಗಳನ್ನೂ ಬಿಚ್ಚದೆ ಈ ಹೋಲಿಕೆ ಸಾಧ್ಯವಿಲ್ಲವಾದ್ದರಿಂದ, ಕಥೆಯನ್ನು ತಾವೇ ಓದಿ ತಿಳಿಯಬೇಕೆನ್ನುವವರು ಇದನ್ನು ಆಮೇಲೆ ಓದುವುದು ಒಳ್ಳೆಯದು.

‘ಐರನ್ ಫ್ಲೇಮ್’ ಅನ್ನು ನನಗೆ ಕೊಟ್ಟವಳು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಅಕ್ಕನ ಮಗಳು. ಮಾಸ್ ಅವರ ಪುಸ್ತಕ ಮಾಳಮಡ್ಡಿಯ ಗೆಳತಿಯೊಬ್ಬರ ಕಪಾಟಿನಿಂದ ಬಂದಿತು. ಇಬ್ಬರೂ ತಮ್ಮ ತಮ್ಮ ಪುಸ್ತಕವೇ ಮೇಲೆಂದು ಪಟ್ಟು ಹಿಡಿದವರು. ಅವರ ವಾದ ಕೇಳಿ ಕೇಳಿಯೇ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನನಗೆ ಅನ್ನಿಸಿದ್ದು.

ಮೊದಲ ಭಾಗಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2023ರ ಮೇ ತಿಂಗಳಲ್ಲಿ ಬಂದ ‘ಫೋರ್ತ್ ವಿಂಗ್’ನಲ್ಲಿ ವಯಲೆಟ್ ಸೊರೆಂಗೇಲ್ ಎಂಬ ಇಪ್ಪತ್ತು ವರ್ಷದ ಹುಡುಗಿ ಗ್ರಂಥಪಾಲಕರ ವಿಭಾಗಕ್ಕೆ ಸೇರಲು ಸಿದ್ಧಳಾಗಿರುತ್ತಾಳೆ. ಸೇನಾಧಿಕಾರಿಣಿಯಾದ ಅವಳ ತಾಯಿ ಅವಳನ್ನು ಡ್ರ್ಯಾಗನ್ ಸವಾರರ ವಿಭಾಗಕ್ಕೆ ತಳ್ಳುತ್ತಾಳೆ. ಅಲ್ಲಿ ಪ್ರತಿದಿನ ಬೆಳಿಗ್ಗೆ ಸತ್ತ ವಿದ್ಯಾರ್ಥಿಗಳ ಹೆಸರುಗಳನ್ನು ಸಾಲಿನ ಮುಂದೆ ಓದಿ ಹೇಳುತ್ತಾರೆ. ಬಂಡಾಯಗಾರನ ಮಗನಾದ ಝೇಡನ್ ರಿಯೊರ್ಸನ್ ಮೊದಲು ಅವಳ ವೈರಿಯಾಗಿ, ಕ್ರಮೇಣ ಪ್ರಿಯನಾಗಿ, ಕೊನೆಗೆ ದೊಡ್ಡದೊಂದು ಗುಟ್ಟನ್ನು ಅವಳಿಂದ ಮುಚ್ಚಿಟ್ಟವನಾಗಿ ಕಾಣಿಸುತ್ತಾನೆ. 2015ರಲ್ಲಿ ಬಂದ ‘ಎ ಕೋರ್ಟ್ ಆಫ್ ಥಾರ್ನ್ಸ್ ಆಂಡ್ ರೋಸಸ್’ನಲ್ಲಿ ಮನೆಯವರ ಹೊಟ್ಟೆ ತುಂಬಿಸಲು ಕಾಡಿನಲ್ಲಿ ಬೇಟೆಯಾಡುವ ಫೇರಾ, ತೋಳದ ರೂಪದಲ್ಲಿದ್ದ ಒಬ್ಬ ಯಕ್ಷನನ್ನು ಕೊಂದ ಋಣಕ್ಕಾಗಿ ಯಕ್ಷರ ಅಧಿಪತಿ ಟ್ಯಾಮ್ಲಿನ್‌ನ ವಸಂತದ ಆಸ್ಥಾನಕ್ಕೆ ಹೋಗಿ, ಅವನನ್ನು ಪ್ರೀತಿಸಿ, ಅವನಿಗಾಗಿ ಅಮರಾಂತಾ ಎಂಬ ಕ್ರೂರ ರಾಣಿ ಬೆಟ್ಟದಡಿಯ ತನ್ನ ಆಸ್ಥಾನದಲ್ಲಿ ಒಡ್ಡಿದ ಮೂರು ಪರೀಕ್ಷೆಗಳನ್ನು ಎದುರಿಸಿ, ಸತ್ತು, ಏಳು ಮಂದಿ ಅಧಿಪತಿಗಳ ಶಕ್ತಿಯಿಂದ ಮರುಹುಟ್ಟು ಪಡೆಯುತ್ತಾಳೆ. ಎರಡೂ ಮೊದಲ ಭಾಗಗಳು ನನಗೆ ಹಿಡಿಸಿದವು. ಅದರಲ್ಲೂ ‘ಫೋರ್ತ್ ವಿಂಗ್’ ಕೈಗೆತ್ತಿಕೊಂಡ ಮೇಲೆ ಕೆಳಗಿಡಲು ಮನಸ್ಸೇ ಬರಲಿಲ್ಲ.

ಆದ್ದರಿಂದ ‘ಐರನ್ ಫ್ಲೇಮ್’ ತೆರೆದಾಗ ನಿರೀಕ್ಷೆ ಬೆಟ್ಟದಷ್ಟಿತ್ತು. ಆ ನಿರೀಕ್ಷೆಯನ್ನು ಪುಸ್ತಕದ ಅರ್ಧಭಾಗ ಈಡೇರಿಸಿತು, ಇನ್ನರ್ಧ ಸೊರಗಿಸಿತು. ಯಾವ ಅರ್ಧ ಯಾವುದನ್ನು ಮಾಡಿತು ಎಂದು ಬಿಡಿಸಿ ಹೇಳುವುದು ಸುಲಭವಲ್ಲ, ಏಕೆಂದರೆ ಒಳ್ಳೆಯದೂ ಬೇಸರದ್ದೂ ಪುಟಪುಟದಲ್ಲಿ ಹೆಣೆದುಕೊಂಡಿವೆ. ಗಡಿಯಾಚೆ ವೆನಿನ್ ಎಂಬ ಶಕ್ತಿಹೀರುಕರು ಇದ್ದಾರೆಂಬ ಸತ್ಯವನ್ನು ನವಾರ್ ರಾಜ್ಯ ತನ್ನ ಪ್ರಜೆಗಳಿಂದ ಶತಮಾನಗಳ ಕಾಲ ಮುಚ್ಚಿಟ್ಟಿದೆ ಎಂಬುದು ಈಗ ವಯಲೆಟ್‌ಗೆ ಗೊತ್ತು. ಗೊತ್ತಿದ್ದೂ ಅದೇ ಕಾಲೇಜಿಗೆ ಎರಡನೇ ವರ್ಷಕ್ಕೆ ಮರಳಿ, ಸುಳ್ಳು ಇತಿಹಾಸವನ್ನೇ ಪಾಠವಾಗಿ ಕೇಳುತ್ತ, ಗೆಳೆಯರ ಮುಖ ನೋಡುತ್ತ ಬಾಯಿ ಬಿಗಿದುಕೊಂಡು ಕೂರಬೇಕಾದ ಅವಳ ಸ್ಥಿತಿಯನ್ನು ಯಾರೋಸ್ ಬಹಳ ಚೆನ್ನಾಗಿ ಬರೆದಿದ್ದಾರೆ. ಗೆಳತಿಯರಿಂದ ಅವಳು ದೂರವಾಗುವ ಬಗೆ, ಗ್ರಂಥಾಲಯದಲ್ಲಿ ಕಿವಿ ಕೇಳಿಸದ ಜೆಸಿನಿಯಾಳ ಜೊತೆ ಕೈಸನ್ನೆಯಲ್ಲಿ ಮಾತನಾಡುತ್ತ ರಾಜ್ಯವನ್ನು ಕಾಯುವ ಮಾಯಾ ರಕ್ಷಾಕವಚದ ರಹಸ್ಯ ಹುಡುಕುವ ಬಗೆ, ಇವೆಲ್ಲ ಮೊದಲ ಭಾಗದ ಸಾಹಸಗಳಿಗಿಂತ ಪ್ರೌಢವಾಗಿವೆ. ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ದಿನವಿಡೀ ಇತಿಹಾಸದ ಪುಸ್ತಕಗಳ ಮುಂದೆ ಕೂರುವ ನನ್ನ ಅಕ್ಕನ ಮಗಳಿಗೆ ಈ ಭಾಗ ಯಾಕೆ ಅಷ್ಟು ಹತ್ತಿರವಾಯಿತು ಎಂಬುದು ನನಗೆ ಅರ್ಥವಾಗುತ್ತದೆ.

ಈ ಮೊದಲ ಅರ್ಧದ ತುದಿಯಲ್ಲಿ ಬರುವ ಸೆರೆಮನೆಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಉಪಮುಖ್ಯಸ್ಥ ವ್ಯಾರಿಶ್ ವಯಲೆಟ್‌ಳನ್ನು ಹಿಡಿದು ದಿನಗಟ್ಟಲೆ ಚಿತ್ರಹಿಂಸೆ ಕೊಡುತ್ತಾನೆ; ಮುರಿದ ಮೂಳೆಗಳನ್ನು ನೋಲನ್ ಎಂಬ ವೈದ್ಯ ಮಾಯಾಶಕ್ತಿಯಿಂದ ಕೂಡಿಸುವುದು, ಅವುಗಳನ್ನು ಮತ್ತೆ ಮುರಿಯಲೆಂದೇ. ಆ ಕತ್ತಲೆಯಲ್ಲಿ, ಮೊದಲ ಭಾಗದ ಕೊನೆಗೆ ಸತ್ತ ಗೆಳೆಯ ಲಿಯಮ್ ಅವಳ ಪಕ್ಕದಲ್ಲಿ ಬಂದು ಕುಳಿತು ಮಾತನಾಡುತ್ತಾನೆ. ಅದು ಅವಳ ನೋವಿನ ಭ್ರಮೆಯೆಂದು ಓದುಗರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವನು ಎದ್ದು ಹೋಗದಿರಲೆಂದು ಮನಸ್ಸು ಬೇಡುತ್ತದೆ. ನವನಗರದಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ನಿಂತು ಈ ಪುಟಗಳನ್ನು ಓದುತ್ತಿದ್ದ ನಾನು ಇಳಿಯಬೇಕಾದ ನಿಲ್ದಾಣ ದಾಟಿ ಜುಬಿಲಿ ಸರ್ಕಲ್‌ವರೆಗೆ ಹೋಗಿಬಿಟ್ಟೆ. ಮೊದಲ ಭಾಗದಲ್ಲಿ ವಯಲೆಟ್‌ಳ ನೆನಪುಗಳನ್ನು ಅವಳ ಅನುಮತಿಯಿಲ್ಲದೆ ಕದ್ದು ಓದಿದ ಡೇನ್, ಇಲ್ಲಿ ಅದೇ ಶಕ್ತಿಯಿಂದ ಅವಳ ಮನಸ್ಸಿನ ಸತ್ಯ ಕಂಡು ಪಕ್ಷ ಬದಲಿಸುವುದೂ ಇದೇ ಕೋಣೆಯಲ್ಲಿ. ದ್ರೋಹಕ್ಕೆ ಕಾರಣವಾದ ಗುಣವೇ ಬಿಡುಗಡೆಗೂ ಕಾರಣವಾಗುವಂತೆ ಹೆಣೆದ ಈ ಪ್ರಸಂಗ ಇಡೀ ಸರಣಿಯಲ್ಲಿ ಅತ್ಯುತ್ತಮವಾದದ್ದೆಂದು ನಾನು ಭಾವಿಸುತ್ತೇನೆ.

ಆದರೆ ಪ್ರೇಮದ ಎಳೆ? ‘ಐರನ್ ಫ್ಲೇಮ್’ ಸೊರಗುವುದು ಅಲ್ಲಿಯೇ. ಝೇಡನ್ ಸುಳ್ಳು ಹೇಳಿದ್ದನೆಂಬ ಗಾಯ ನಿಜವಾದದ್ದು, ಮತ್ತು ಅದರಿಂದ ಎರಡನೇ ಭಾಗ ಆರಂಭವಾಗುವುದು ನ್ಯಾಯವೇ. ತನ್ನ ಬಗ್ಗೆ ಏನು ಕೇಳಿದರೂ ಹೇಳುತ್ತೇನೆ, ಆದರೆ ನೀನು ಕೇಳಬೇಕು ಎಂಬುದು ಅವನ ನಿಲುವು. ಕೇಳದೆಯೇ ಹೇಳುವವನು ಬೇಕು ಎಂಬುದು ಅವಳ ನಿಲುವು. ಒಂದು ಸಲ, ಎರಡು ಸಲ ಈ ಮಾತು ಕೇಳುವಾಗ ಇಬ್ಬರ ಕಡೆಗೂ ಮನಸ್ಸು ವಾಲುತ್ತದೆ. ಅದೇ ಜಗಳ ಅದೇ ಮಾತುಗಳಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಮರಳಿ ಬಂದಾಗ, ಹಂಚಿನ ಮೇಲೆ ಹೊರಳಿಸುತ್ತಲೇ ಇರುವ ರೊಟ್ಟಿಯ ಹಾಗೆ ಅದು ಬಿರುಸಾಗುತ್ತದೆಯೇ ಹೊರತು ಉಬ್ಬುವುದಿಲ್ಲ. ಅವನ ಎರಡನೇ ಶಕ್ತಿ, ಅವಳ ತಾಯಿಯೊಂದಿಗೆ ಅವನು ಮಾಡಿಕೊಂಡಿದ್ದ ಒಪ್ಪಂದ, ಕ್ಯಾಟ್ ಎಂಬ ರಾಜಮನೆತನದ ಹುಡುಗಿಯೊಂದಿಗೆ ಹಿಂದೆ ಆಗಿದ್ದ ನಿಶ್ಚಯ, ಹೀಗೆ ಒಂದೊಂದು ಗುಟ್ಟು ಹೊರಬಿದ್ದಾಗಲೂ ಜಗಳ ಮೊದಲ ಮೆಟ್ಟಿಲಿನಿಂದಲೇ ಶುರುವಾಗುತ್ತದೆ. ಅಕ್ಕನ ಮಗಳ ಮುಂದೆ ಈ ಆಕ್ಷೇಪ ಎತ್ತಿದಾಗ ಅವಳು, “ಮೌಶಿ, ಒಮ್ಮೆ ಸುಳ್ಳ ಹೇಳಿದಾಂವನ್ನ ಮತ್ತ ನಂಬಬೇಕಂದ್ರ ಅಷ್ಟ ಜಲ್ದಿ ಆಗ್ತೈತೇನ್ರಿ?” ಎಂದು ಕೇಳಿದಳು. ಮಾತು ಸರಿಯೇ. ನಂಬಿಕೆ ಮರಳಲು ಕಾಲ ಬೇಕು. ಆದರೆ ಆ ಕಾಲದಲ್ಲಿ ನಂಬಿಕೆ ಒಂದಿಷ್ಟು ಏರುವುದನ್ನೋ ಕುಸಿಯುವುದನ್ನೋ ಓದುಗರಿಗೆ ತೋರಿಸಬೇಕು. ಇಲ್ಲಿ ಅದು ನಿಂತಲ್ಲೇ ನಿಂತಿದೆ.

ಇದರ ಪಕ್ಕದಲ್ಲಿ ಮಾಸ್ ಅವರ ಪುಸ್ತಕವನ್ನು ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಇಲ್ಲಿ ಪ್ರೇಮಿಗಳ ನಡುವೆ ಬಂದು ನಿಲ್ಲುವುದು ಹೇಳದೆ ಉಳಿದ ಮಾತಲ್ಲ, ಪಟ್ಟ ನೋವು. ಟ್ಯಾಮ್ಲಿನ್‌ನನ್ನು ಉಳಿಸಲು ಫೇರಾ ಬೆಟ್ಟದಡಿಯಲ್ಲಿ ನಿರಪರಾಧಿಗಳನ್ನು ತನ್ನ ಕೈಯಾರೆ ಕೊಂದಿದ್ದಾಳೆ. ಎರಡನೇ ಭಾಗ ತೆರೆದುಕೊಳ್ಳುವಾಗ ಅವಳಿಗೆ ಅರಮನೆಯಿದೆ, ಪ್ರಿಯನಿದ್ದಾನೆ, ಮದುವೆಯ ಸಿದ್ಧತೆ ನಡೆದಿದೆ. ರಾತ್ರಿಯಾದರೆ ದುಃಸ್ವಪ್ನದಿಂದ ಬೆಚ್ಚಿ ಎದ್ದು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಳ್ಳುತ್ತಾಳೆ. ಪಕ್ಕದಲ್ಲಿ ಮಲಗಿದವನು ಏಳುವುದಿಲ್ಲ. ಬಣ್ಣಗಳೆಂದರೆ ಜೀವ ಬಿಡುತ್ತಿದ್ದವಳು ಕುಂಚ ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಮದುವೆಯ ದಿನ ದಾರಿಯಲ್ಲಿ ಚೆಲ್ಲಿದ ಕೆಂಪು ಗುಲಾಬಿ ಎಸಳುಗಳು ಅವಳ ಕಣ್ಣಿಗೆ ರಕ್ತವಾಗಿ ಕಾಣುತ್ತವೆ, ಕಾಲು ಮುಂದೆ ಹೋಗುವುದಿಲ್ಲ. ಇಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಬದುಕುಳಿದವಳು ಹಳೆಯ ಬದುಕಿನೊಳಗೆ ಹಿಡಿಸುತ್ತಿಲ್ಲ ಎಂಬುದೇ ತೊಡಕು. ಈ ತೊಡಕು ಪಾತ್ರದೊಳಗಿಂದ ಹುಟ್ಟಿದ್ದರಿಂದ ಅದನ್ನು ಒಂದು ಸಂಭಾಷಣೆಯಲ್ಲಿ ಬಗೆಹರಿಸಲು ಬರುವುದಿಲ್ಲ, ಮತ್ತು ಅದಕ್ಕೇ ಆರುನೂರು ಪುಟಗಳ ಉದ್ದಕ್ಕೂ ಅದು ತೂಕ ಕಳೆದುಕೊಳ್ಳುವುದಿಲ್ಲ.

ಮಾಸ್ ಮೊದಲ ಭಾಗದ ಬೀಜಗಳನ್ನು ಎರಡನೆಯದರಲ್ಲಿ ಬೆಳೆಸಿದ ರೀತಿಯೂ ಮೆಚ್ಚುವಂಥದು. ಫೇರಾಗೆ ಓದಲು ಬರುವುದಿಲ್ಲ ಎಂಬ ಸಂಗತಿ ಮೊದಲ ಭಾಗದಲ್ಲಿ ಅವಳ ಪ್ರಾಣಕ್ಕೇ ಕುತ್ತು ತಂದಿತ್ತು: ಎರಡನೇ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಬರಹ ಓದಲಾಗದೆ ಅವಳು ಸಾಯುವ ಅಂಚಿಗೆ ಬರುತ್ತಾಳೆ, ಆಗ ಅವಳ ಕೈಹಿಡಿದು ಪಾರು ಮಾಡುವವನು ರಾತ್ರಿಯ ಆಸ್ಥಾನದ ಅಧಿಪತಿ ರೀಸ್ಯಾಂಡ್. ಎರಡನೇ ಭಾಗದಲ್ಲಿ, ಹಿಂದೆ ಅವಳೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ತಿಂಗಳಿಗೊಂದು ವಾರ ತನ್ನ ಆಸ್ಥಾನಕ್ಕೆ ಅವಳನ್ನು ಕರೆದೊಯ್ಯುವ ಅದೇ ರೀಸ್ಯಾಂಡ್ ಮೊದಲು ಮಾಡುವ ಕೆಲಸ ಅವಳ ಮುಂದೆ ಕಾಗದ ಇಟ್ಟು ಅಕ್ಷರ ಕಲಿಸುವುದು. ತನ್ನನ್ನೇ ಹೊಗಳಿಕೊಳ್ಳುವ ವಾಕ್ಯಗಳನ್ನು ಅವನು ಅವಳಿಂದ ಬರೆಸುತ್ತಾನೆ. ಅವಳು ಸಿಟ್ಟಿನಿಂದಲೇ ಓದಲು ಕಲಿಯುತ್ತಾಳೆ. ಟ್ಯಾಮ್ಲಿನ್ ಅವಳನ್ನು ಕಾಪಾಡಬೇಕೆಂದು ಮನೆಯೊಳಗೆ ಕೂಡಿಹಾಕುತ್ತಾನೆ, ರೀಸ್ಯಾಂಡ್ ಅವಳು ತನ್ನನ್ನು ತಾನು ಕಾಪಾಡಿಕೊಳ್ಳಲಿ ಎಂದು ಕಲಿಸುತ್ತಾನೆ. ಮುಂದೆ, ಬೆಟ್ಟದ ಮೇಲಿನ ಒಂಟಿ ಮನೆಯಲ್ಲಿ ಅವಳು ಮತ್ತೆ ಬಣ್ಣ ಕಲಸಿ ಗೋಡೆಗಳ ಮೇಲೆ ಚಿತ್ರ ಬರೆಯತೊಡಗಿದಾಗ, ಅವಳು ಯಾರನ್ನು ಪ್ರೀತಿಸುತ್ತಿದ್ದಾಳೆ ಎಂಬುದಕ್ಕಿಂತ ಅವಳು ಬದುಕಿಗೆ ಮರಳಿದಳು ಎಂಬುದೇ ಓದುಗರ ಕಣ್ಣು ತೇವಗೊಳಿಸುತ್ತದೆ. ಐವತ್ತನಾಲ್ಕನೇ ಅಧ್ಯಾಯದಲ್ಲಿ ರೀಸ್ಯಾಂಡ್ ತನ್ನ ಕಡೆಯ ಕಥೆಯನ್ನು ಆದಿಯಿಂದ ಹೇಳುತ್ತಾನೆ. ಅವನೂ ಗುಟ್ಟು ಇಟ್ಟುಕೊಂಡಿದ್ದವನೇ. ಆದರೆ ಲೇಖಕಿ ಆ ಗುಟ್ಟನ್ನು ತುಣುಕು ತುಣುಕಾಗಿ ಚೆಲ್ಲದೆ, ಒಂದೇ ಕಡೆ, ಒಂದೇ ಉಸಿರಿನಲ್ಲಿ ಬಿಚ್ಚಿದ್ದರಿಂದ ಹಿಂದಿನ ಪುಸ್ತಕದ ಘಟನೆಗಳೆಲ್ಲ ಹೊಸ ಬೆಳಕಿನಲ್ಲಿ ಕಾಣುತ್ತವೆ. ಝೇಡನ್‌ನ ಗುಟ್ಟುಗಳಿಗೆ ಸಿಗಬೇಕಿದ್ದ ಅಧ್ಯಾಯ ಅಂಥದು.

ಇಷ್ಟಾದರೂ ಈ ಪುಸ್ತಕದ ಬಗ್ಗೆಯೂ ನನ್ನ ಮನಸ್ಸು ಪೂರ್ತಿ ತಿಳಿಯಾಗಿಲ್ಲ. ಮೊದಲ ಭಾಗವನ್ನು ಟ್ಯಾಮ್ಲಿನ್‌ಗಾಗಿ ಓದಿದವರು ಎಲ್ಲಿ ಹೋಗಬೇಕು? ಅವನಿಗಾಗಿಯೇ ಫೇರಾ ಪ್ರಾಣ ಕೊಟ್ಟಿದ್ದಳು, ಒಗಟಿನ ಉತ್ತರ ಪ್ರೀತಿ ಎಂದು ಹೇಳಿದ್ದಳು. ಅಂಥವನನ್ನು ಎರಡನೇ ಭಾಗ ಸಿಟ್ಟಿನಲ್ಲಿ ಕೋಣೆಯನ್ನೇ ಒಡೆದುಹಾಕುವ, ಹೆಂಗಸನ್ನು ಮನೆಯೊಳಗೆ ಬಂಧಿಸುವ, ಕೊನೆಗೆ ಶತ್ರುದೇಶವಾದ ಹೈಬರ್ನ್‌ನ ರಾಜನ ಜೊತೆ ಕೈಜೋಡಿಸುವ ಮನುಷ್ಯನನ್ನಾಗಿ ಮಾಡುತ್ತದೆ. ಬೆಟ್ಟದಡಿಯಲ್ಲಿ ಅವನೂ ನೊಂದವನೇ. ಅವನ ನೋವಿಗೆ ಫೇರಾಳ ನೋವಿಗೆ ಸಿಕ್ಕ ಕರುಣೆಯ ಒಂದಂಶವೂ ಸಿಗುವುದಿಲ್ಲ. ಹೊಸ ನಾಯಕನನ್ನು ಎತ್ತರಿಸಲು ಹಳೆಯವನನ್ನು ಇಷ್ಟು ಕೆಳಗೆ ತಳ್ಳುವ ಅಗತ್ಯವಿರಲಿಲ್ಲ. ಮಾಳಮಡ್ಡಿಯ ಗೆಳತಿ ಇದನ್ನು ಒಪ್ಪುವುದಿಲ್ಲ. ಮದುವೆಗೆ ಮುಂಚೆ ಅಷ್ಟು ಪ್ರೀತಿ ತೋರಿಸಿ ಮನೆಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳುವ ಗಂಡಸರನ್ನು ಕಂಡವರಿಗೆ ಟ್ಯಾಮ್ಲಿನ್‌ನ ಬದಲಾವಣೆ ಅಸಹಜವಾಗಿ ಕಾಣುವುದಿಲ್ಲ ಎಂಬುದು ಅವರ ವಾದ, ಮತ್ತು ಆ ವಾದದಲ್ಲಿ ಸತ್ಯವಿದೆ. ಆದರೂ ಒಂದು ಸರಣಿ ತನ್ನ ಮೊದಲ ಪುಸ್ತಕದಲ್ಲಿ ಓದುಗರಿಂದ ಬೇಡಿ ಪಡೆದ ಪ್ರೀತಿಗೆ ಎರಡನೆಯದರಲ್ಲಿ ಸ್ವಲ್ಪವಾದರೂ ಋಣಿಯಾಗಿರಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಈ ಒಂದು ವಿಷಯದಲ್ಲಿ ಯಾರೋಸ್ ನಿಷ್ಠಾವಂತರು: ಝೇಡನ್ ಎಷ್ಟೇ ಸಿಟ್ಟು ಬರಿಸಿದರೂ ಅವನು ‘ಫೋರ್ತ್ ವಿಂಗ್’ನಲ್ಲಿ ನಾವು ಕಂಡ ಝೇಡನ್ನೇ.

ಯುದ್ಧದ ಕಥೆಯಲ್ಲಿ ‘ಐರನ್ ಫ್ಲೇಮ್’ ನಿಸ್ಸಂಶಯವಾಗಿ ಮುಂದಿದೆ. ಮಾಸ್ ಅವರ ಪುಸ್ತಕದಲ್ಲಿ ಮಂತ್ರಗ್ರಂಥದ ಎರಡು ಭಾಗಗಳನ್ನು ಹುಡುಕುವ ಎಳೆ ಆಗಾಗ ನೆನಪಾದಂತೆ ಬಂದು ಹೋಗುತ್ತದೆ, ಹೈಬರ್ನ್‌ನ ರಾಜನಿಗೆ ಮುಖವೇ ಇಲ್ಲ. ಯಾರೋಸ್ ಅವರಲ್ಲಿ ಪ್ರತಿ ಪಾಠ, ಪ್ರತಿ ಗಸ್ತು, ಪ್ರತಿ ರಜೆಯ ಚೀಟಿಗೂ ರಾಜಕೀಯವಿದೆ. ವಯಲೆಟ್‌ಳ ಟೇರ್ನ್ ಮತ್ತು ಝೇಡನ್‌ನ ಸ್ಗೇಲ್ ಎಂಬ ಜೋಡಿ ಡ್ರ್ಯಾಗನ್‌ಗಳು ಹೆಚ್ಚು ದಿನ ಅಗಲಿ ಇರಲಾರವು ಎಂಬ ನಿಯಮ ಮೊದಲ ಭಾಗದಲ್ಲಿ ಪ್ರೇಮಿಗಳನ್ನು ಹತ್ತಿರ ತರುವ ನೆಪವಾಗಿತ್ತು; ಇಲ್ಲಿ ಅದೇ ನಿಯಮವನ್ನು ವ್ಯಾರಿಶ್ ರಜೆ ನಿರಾಕರಿಸುವ ಮೂಲಕ ಶಿಕ್ಷೆಯ ಆಯುಧವಾಗಿಸಿಕೊಳ್ಳುತ್ತಾನೆ. ಇಂಥ ಜಾಣ್ಮೆ ಮಾಸ್ ಅವರ ಮಾಯಾಲೋಕದಲ್ಲಿ ಅಪರೂಪ. ಒಂದು ಕೊರತೆಯೆಂದರೆ ಎಲ್ಲರ ಮುದ್ದಿನ ಮರಿ ಡ್ರ್ಯಾಗನ್ ಆಂಡಾರ್ನಾ ಮೊದಲ ಅರ್ಧದ ಬಹುಪಾಲು ನಿದ್ರೆಯಲ್ಲೇ ಕಳೆಯುತ್ತದೆ.

ಹೆಂಗಸರ ಪಾತ್ರಗಳ ವಿಷಯಕ್ಕೆ ಬಂದರೆ, ಮಾಸ್ ಅವರ ಮೋರ್ ಮತ್ತು ಅಮ್ರೆನ್ ಇಬ್ಬರೂ ನಾಯಕಿಯ ಗೆಳತಿಯರಾಗಿ ನಿಲ್ಲುತ್ತಾರೆ, ಪೈಪೋಟಿಗೆ ಇಳಿಯುವುದಿಲ್ಲ. ಯಾರೋಸ್ ಅವರ ಕ್ಯಾಟ್ ಎದುರಿನವರ ಭಾವನೆ ಕೆರಳಿಸುವ ಶಕ್ತಿಯುಳ್ಳವಳು. ಆ ಶಕ್ತಿಯನ್ನು ಹಳೆಯ ಪ್ರಿಯತಮೆಯ ಹೊಟ್ಟೆಕಿಚ್ಚಿಗೆ ಖರ್ಚು ಮಾಡಿದ್ದು ನನಗೆ ಬೇಸರ ತಂದಿತು. ಬಂಡಾಯಗಾರರ ನೆಲೆಯಾದ ಅರೇಷಿಯಾಕ್ಕೆ ಹೋದ ಮೇಲಿನ ನಡುಭಾಗ ಜಡವಾಗಲು ಈ ತ್ರಿಕೋನವೂ ಒಂದು ಕಾರಣ.

ಆದರೆ ಎರಡೂ ಪುಸ್ತಕಗಳಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದ ಹೆಂಗಸು ‘ಐರನ್ ಫ್ಲೇಮ್’ನಲ್ಲೇ ಇದ್ದಾಳೆ: ವಯಲೆಟ್‌ಳ ತಾಯಿ ಲಿಲಿತ್. ಮೊದಲ ಭಾಗದಲ್ಲಿ ಮಗಳನ್ನು ಸಾವಿನ ಬಾಯಿಗೆ ನೂಕಿದ ಕಲ್ಲೆದೆಯ ಸೇನಾಧಿಕಾರಿಣಿಯೆಂದು ಕಂಡವಳು, ಎರಡನೇ ಭಾಗದಲ್ಲಿ ಪುಟ ಸರಿದಂತೆ ಬೇರೆಯಾಗಿ ಕಾಣತೊಡಗುತ್ತಾಳೆ. ಮಗಳನ್ನು ಬದುಕಿಸಲು ಅವಳು ಗುಟ್ಟಾಗಿ ಝೇಡನ್‌ನ ಜೊತೆ ಒಪ್ಪಂದ ಮಾಡಿಕೊಂಡಿದ್ದಳು. ವೆನಿನ್‌ಗಳ ಸತ್ಯ ಗೊತ್ತಿದ್ದೂ ಮಕ್ಕಳನ್ನು ಉಳಿಸುವ ದಾರಿ ಮೌನವೇ ಎಂದು ನಂಬಿದ್ದಳು. ಆ ನಂಬಿಕೆ ತಪ್ಪೆಂದು ಲೇಖಕಿ ಸ್ಪಷ್ಟವಾಗಿ ತೋರಿಸುತ್ತಾರೆ, ಆದರೂ ಅವಳನ್ನು ಕೀಳಾಗಿಸುವುದಿಲ್ಲ. ಕೊನೆಯ ಯುದ್ಧದಲ್ಲಿ ರಕ್ಷಣೆಯ ಶಿಲೆಗೆ ಶಕ್ತಿ ತುಂಬಲು ವಯಲೆಟ್ ತನ್ನ ಜೀವವನ್ನೇ ಕೊಡಲು ಹೊರಟಾಗ, ಲಿಲಿತ್ ಅವಳನ್ನು ತಡೆದು ಆ ಜಾಗದಲ್ಲಿ ತಾನು ನಿಲ್ಲುತ್ತಾಳೆ. ತಪ್ಪು ಮಾಡಿದವರನ್ನು ಪ್ರೀತಿಯಿಂದಲೇ ನೋಡುವ ಈ ಕಣ್ಣು ಮಾಸ್ ಅವರಿಗೆ ಟ್ಯಾಮ್ಲಿನ್‌ನ ವಿಷಯದಲ್ಲಿ ಇದ್ದಿದ್ದರೆ ಎಂದು ಮತ್ತೆ ಮತ್ತೆ ಅನ್ನಿಸಿತು. ತಾಯಿ ಮಗಳ ಈ ಎಳೆಗೆ ಸಿಕ್ಕ ಪುಟಗಳು ಕಡಿಮೆ. ಪ್ರೇಮಿಗಳ ಜಗಳದಿಂದ ಐವತ್ತು ಪುಟ ತೆಗೆದು ಇದಕ್ಕೆ ಕೊಟ್ಟಿದ್ದರೆ ಪುಸ್ತಕದ ಬಣ್ಣವೇ ಬೇರೆಯಾಗುತ್ತಿತ್ತು.

ಹೀಗಾಗಲು ಅವಸರವೂ ಕಾರಣವಿರಬಹುದೆಂದು ನನ್ನ ಊಹೆ. ‘ಫೋರ್ತ್ ವಿಂಗ್’ 2023ರ ಮೇ ತಿಂಗಳಲ್ಲಿ ಬಂದರೆ ‘ಐರನ್ ಫ್ಲೇಮ್’ ಅದೇ ವರ್ಷದ ನವೆಂಬರ್‌ನಲ್ಲಿ ಬಂದಿತು. ಮಾಸ್ ಅವರ ಎರಡು ಪುಸ್ತಕಗಳ ನಡುವೆ ಒಂದು ವರ್ಷದ ಅಂತರವಿತ್ತು. ವಾರಪತ್ರಿಕೆಗಳ ಧಾರಾವಾಹಿಗಾಗಿ ವಾರವಿಡೀ ಕಾಯುತ್ತಿದ್ದ ನಮ್ಮ ತಾಯಂದಿರ ಪೀಳಿಗೆಗೆ ಆರು ತಿಂಗಳು ದೊಡ್ಡ ಅವಧಿಯೆಂದೇ ಅನ್ನಿಸುತ್ತಿತ್ತೇನೋ, ಆದರೆ ಆರುನೂರು ಪುಟ ದಾಟಿದ ಪುಸ್ತಕವನ್ನು ತಿದ್ದಿ ಬಿಗಿಗೊಳಿಸಲು ಅದು ಸಾಲದು. ಇದನ್ನು ಎರಡು ಭಾಗಗಳಾಗಿ ವಿಂಗಡಿಸಿದ್ದಾರೆ. ಓದುವಾಗ ಎರಡು ಪ್ರತ್ಯೇಕ ಕಾದಂಬರಿಗಳನ್ನು ಒಂದೇ ರಟ್ಟಿನೊಳಗೆ ಕಟ್ಟಿದಂತೆ ಭಾಸವಾಗುತ್ತದೆ.

ಮುಕ್ತಾಯಗಳೆರಡೂ ಓದುಗರನ್ನು ಮೂರನೇ ಭಾಗಕ್ಕೆ ದೂಡುವಂಥವು, ಆದರೆ ದೂಡುವ ಬಗೆ ಬೇರೆ. ಫೇರಾಳ ಅಕ್ಕಂದಿರಾದ ನೆಸ್ಟಾ ಮತ್ತು ಇಲೇನ್‌ರನ್ನು ಹೈಬರ್ನ್‌ನ ರಾಜ ಮಾಯಾಕೊಪ್ಪರಿಗೆಯೊಳಗೆ ಹಾಕಿಸಿದ ಮೇಲೆ, ಫೇರಾ ಎಲ್ಲರ ಕಣ್ಣಿಗೆ ಮಣ್ಣೆರಚಿ ಟ್ಯಾಮ್ಲಿನ್‌ನ ಮನೆಗೆ ಗೂಢಚಾರಿಣಿಯಾಗಿ ಮರಳುತ್ತಾಳೆ. ಅದು ಅವಳು ತಾನೇ ಆರಿಸಿಕೊಂಡ ಹೆಜ್ಜೆ, ಮೊದಲ ಪುಟದಲ್ಲಿ ಹಾಸಿಗೆಯಿಂದೆದ್ದು ನಡುಗುತ್ತಿದ್ದವಳು ಎಷ್ಟು ದೂರ ಬಂದಿದ್ದಾಳೆ ಎಂಬುದಕ್ಕೆ ಅದೇ ಅಳತೆ. ‘ಐರನ್ ಫ್ಲೇಮ್’ನ ಕೊನೆಯಲ್ಲಿ ಝೇಡನ್ ವಯಲೆಟ್‌ಳನ್ನು ಉಳಿಸಲು ನೆಲದಿಂದಲೇ ಶಕ್ತಿ ಹೀರಿ, ತಾನು ಜೀವಮಾನವಿಡೀ ಹೋರಾಡಿದ ವೆನಿನ್‌ಗಳಲ್ಲಿ ಒಬ್ಬನಾಗಿಬಿಡುತ್ತಾನೆ. ಈ ತಿರುವು ನನ್ನನ್ನು ನಿಜವಾಗಿ ಅಲುಗಾಡಿಸಿತು. ಇಡೀ ಪುಸ್ತಕ ಹುಡುಕಿ ಸಿಗದೆ ಹೋದ ತೊಡಕು, ಮಾತಿನಿಂದ ಬಗೆಹರಿಯದ ತೊಡಕು, ಕೊನೆಯ ಪುಟಗಳಲ್ಲಿ ಅವರ ನಡುವೆ ಬಂದು ನಿಂತಿತು. ಎರಡನೇ ಭಾಗ ಇಲ್ಲಿಂದಲೇ ಶುರುವಾಗಬಾರದಿತ್ತೇ ಎಂಬ ಅತೃಪ್ತಿ ಮತ್ತು ಮೂರನೆಯದು ಇಲ್ಲಿಂದ ಶುರುವಾಗುತ್ತದಲ್ಲ ಎಂಬ ಉತ್ಸಾಹ, ಎರಡೂ ಏಕಕಾಲಕ್ಕೆ ನನ್ನಲ್ಲಿವೆ.

ಯಾವುದನ್ನು ಓದಬೇಕೆಂದು ಕೇಳುವವರಿಗೆ ನನ್ನ ಸಲಹೆ ಹೀಗಿದೆ. ಪ್ರೇಮವೇ ಮುಖ್ಯವೆನ್ನುವವರು ಮಾಸ್ ಅವರ ಎರಡನೇ ಭಾಗವನ್ನು ಓದಲಿ; ಮೊದಲ ಭಾಗ ಅಷ್ಟಾಗಿ ಹಿಡಿಸದಿದ್ದರೂ ನಿಲ್ಲಿಸದೆ ಮುಂದುವರಿಯಲಿ. ಯುದ್ಧ, ಕಾಲೇಜು, ಆಳುವವರ ಸುಳ್ಳುಗಳ ಕಥೆ ಬೇಕೆನ್ನುವವರು ಯಾರೋಸ್ ಅವರನ್ನು ಹಿಡಿಯಲಿ. ಎರಡರಲ್ಲೂ ಹಾಸಿಗೆಯ ದೃಶ್ಯಗಳು ಮುಚ್ಚುಮರೆಯಿಲ್ಲದೆ ಬರುತ್ತವೆ. ಹೈಸ್ಕೂಲ್ ಮಕ್ಕಳಿಗೆ ಉಡುಗೊರೆ ಕೊಡಲು ಹೊರಟವರು ಇದನ್ನು ಗಮನಿಸಬೇಕು. ನಾನು ಕೊಂಡು ಇಟ್ಟುಕೊಳ್ಳುವುದಾದರೆ ‘ಮಿಸ್ಟ್ ಆಂಡ್ ಫ್ಯೂರಿ’ಯನ್ನೇ ಕೊಳ್ಳುತ್ತೇನೆ, ಏಕೆಂದರೆ ಅಕ್ಷರ ಕಲಿಕೆಯ ಆ ಅಧ್ಯಾಯಗಳಿಗೆ ಮತ್ತೆ ಮರಳುವ ಆಸೆಯಿದೆ. ಆದರೆ ಮುಂದಿನ ಕಥೆ ಏನೆಂದು ತಿಳಿಯುವ ತವಕ ‘ಐರನ್ ಫ್ಲೇಮ್’ನದೇ ಹೆಚ್ಚು. 2017ರಿಂದಲೇ ಸಿಗುತ್ತಿರುವ ಮಾಸ್ ಅವರ ಮೂರನೇ ಭಾಗವನ್ನು ಪಕ್ಕಕ್ಕಿಟ್ಟು, 2025ರ ಜನವರಿಯಲ್ಲಿ ಬಂದ ‘ಆನಿಕ್ಸ್ ಸ್ಟಾರ್ಮ್’ ಅನ್ನು ಅಕ್ಕನ ಮಗಳಿಂದ ಮೊದಲು ಕೇಳಿ ಪಡೆದಿದ್ದೇನೆ. ಅರೇಷಿಯಾದ ಜಗಳಗಳಲ್ಲಿ ಬೇಸತ್ತು ‘ಐರನ್ ಫ್ಲೇಮ್’ ಅರ್ಧಕ್ಕೆ ಮುಚ್ಚಿಟ್ಟವರು ನಮ್ಮ ಪರಿಚಯದವರಲ್ಲೇ ಇದ್ದಾರೆ; ಅವರೆಲ್ಲ ಲಿಲಿತ್‌ಳ ಸಲುವಾಗಿಯಾದರೂ ಕೊನೆಯ ನೂರು ಪುಟಗಳನ್ನು ಓದಬೇಕೆಂದು ನನ್ನ ಕೋರಿಕೆ.